ಮೊಮ್ಮಗನ ಪೂಜೆ, ಎಂಟೂಕಾಲರ ಬಸ್ಸು

ನನ್ನ ಸೊಸೆಗೆ ಬಸ್ ಕಂಡಕ್ಟರ್ ಕೆಲಸ ಸಿಕ್ಕ ದಿನ ಓಣಿಗೆಲ್ಲ ಸಕ್ಕರೆ ಹಂಚಿದವಳು ನಾನೇ. ಆ ಖುಷಿಯಲ್ಲೇ ಒಂದು ದೊಡ್ಡ ಮಾತನ್ನೂ ಆಡಿಬಿಟ್ಟೆ.

ಅವಳ ಡ್ಯೂಟಿ ಬೆಳಗ್ಗೆ ಆರಕ್ಕೆ. ಡಿಪೋ ಇರುವುದು ಹಗರಿಬೊಮ್ಮನಹಳ್ಳಿಯಲ್ಲಿ. ಹಡಗಲಿ ದಾರಿಯ ನಮ್ಮೂರಿನಿಂದ ಐದಕ್ಕೇ ಸ್ಕೂಟಿ ಹತ್ತಬೇಕು. ಮಗ ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಎಂಟು ವರ್ಷದ ಮೊಮ್ಮಗಳು, ಐದು ವರ್ಷದ ಮೊಮ್ಮಗ. ಇವರಿಬ್ಬರನ್ನು ಎಬ್ಬಿಸಿ, ತಯಾರು ಮಾಡಿ, ಶಾಲೆಯ ವ್ಯಾನು ಹತ್ತಿಸುವವರು ಯಾರು?

"ಅತ್ತಿ, ನಿಮಗ ಆಗಂಗಿಲ್ಲ ಅಂದ್ರ ಈಗ ಹೇಳಿಬಿಡ್ರಿ. ನಾ ಕೆಲಸ ಬಿಡತೀನಿ," ಅಂದಳು ಸೊಸೆ.

"ನಾಕು ಮಕ್ಕಳನ್ನ ಸಾಲಿಗೆ ಕಳಿಸಿದಾಕಿ ನಾನು. ಇವೆರಡು ನನಗ ಯಾವ ಲೆಕ್ಕ? ಹೋಗವ್ವ ನೀನು," ಅಂದೆ.

ನನ್ನ ಮಕ್ಕಳು ಶಾಲೆಗೆ ಹೋದ ಕಾಲದಲ್ಲಿ ಟೈ ಇರಲಿಲ್ಲ, ಬೂಟು ಇರಲಿಲ್ಲ, ಕೊರಳಿಗೆ ನೇತುಹಾಕುವ ಕಾರ್ಡೂ ಇರಲಿಲ್ಲ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ. ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಕೈಯಲ್ಲಿ ಅರ್ಧ ರೊಟ್ಟಿ ಹಿಡಿದು ಓಡುತ್ತಿದ್ದವು. ಇವರದು ಹಾಗಲ್ಲ. ಸೋಮವಾರ ಒಂದು ಬಟ್ಟೆ, ಬುಧವಾರ ಇನ್ನೊಂದು. ಮೊಮ್ಮಗಳಿಗೆ ಎರಡು ಜಡೆ, ಎರಡೂ ಒಂದೇ ಎತ್ತರಕ್ಕೆ ಬರಬೇಕು. ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೆ ಕನ್ನಡಿ ಮುಂದೆ ನಿಂತು ಬಿಚ್ಚಿಬಿಡುತ್ತಾಳೆ. ಮೊಮ್ಮಗನಿಗೆ ಕಾಲುಚೀಲ ಹಾಕಿ ನಾನು ಏಳುವ ಮೊದಲೇ ಅವು ಅವನ ಕಾಲಿನಿಂದ ಇಳಿದಿರುತ್ತವೆ. ಉಪ್ಪಿಟ್ಟು ಮಾಡಿದರೆ ಮಂಡಕ್ಕಿ ಒಗ್ಗರಣೆ ಬೇಕು, ಮಂಡಕ್ಕಿ ಮಾಡಿದರೆ ಉಪ್ಪಿಟ್ಟು ಬೇಕು. ಆದರೂ ಬೈದು, ಮುದ್ದು ಮಾಡಿ, ಹೇಗೋ ಏಳೂಮುಕ್ಕಾಲಿಗೆ ವ್ಯಾನು ಹತ್ತಿಸುತ್ತಿದ್ದೆ. ರಾತ್ರಿ ಸೊಸೆ ಕೇಳಿದರೆ, "ಹೂ ಎತ್ತಿಟ್ಟಂಗ ಹೋದವು," ಅನ್ನುತ್ತಿದ್ದೆ.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ, ಅದನ್ನು ಹಾಕಿದವಳೂ ನಾನೇ. ಸ್ನಾನ ಮಾಡಿ ಲಿಂಗಪೂಜೆ ಆಗುವವರೆಗೂ ನಾನು ಬಾಯಿಗೆ ಹನಿ ನೀರು ಹಾಕುವುದಿಲ್ಲ. ಪೂಜೆಗೆ ಕೂತವರನ್ನು ಯಾರೂ ಮಾತಾಡಿಸುವಂತಿಲ್ಲ, ಮುಟ್ಟುವಂತಿಲ್ಲ. ಮನೆಗೆ ಯಾರೇ ಬರಲಿ, ಹಾಲು ಉಕ್ಕಿ ಒಲೆಗೆ ಹೋಗಲಿ, ತಾವಾಗಿ ಏಳುವವರೆಗೂ ಕಾಯಬೇಕು.

ಒಂದು ಸೋಮವಾರ ಮೊಮ್ಮಗ ತಾನಾಗಿಯೇ ಹಣೆಗೆ ವಿಭೂತಿ ಬಳಿದುಕೊಂಡು, ದೇವರ ಜಗಲಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಅವನ ಇಷ್ಟಲಿಂಗ ಇನ್ನೂ ಜಗಲಿಯ ಮೇಲೇ ಇರುತ್ತದೆ, ಕೊರಳಿಗೆ ಹಾಕಿದರೆ ಎಲ್ಲಿ ಕಳೆದು ಬರುತ್ತಾನೋ ಎಂದು. ಬರಿಯ ಎಡಗೈಯನ್ನೇ ಎದೆಯ ಮುಂದೆ ಹಿಡಿದು ಕಣ್ಣು ಮುಚ್ಚಿದ. ನನಗೆ ಕಣ್ಣಲ್ಲಿ ನೀರೇ ಬಂತು. ಹೊರಗೆ ವ್ಯಾನು ಒಂದು ಸಲ ಹಾರ್ನ್ ಮಾಡಿತು, ಎರಡು ಸಲ ಮಾಡಿತು. "ಅಜ್ಜೀ, ಲಗೂನ ಬರ್ರಿ!" ಎಂದು ಡ್ರೈವರ್ ಕೂಗಿದ. ಮೊಮ್ಮಗಳು ತಮ್ಮನ ಭುಜ ಅಲುಗಿಸಲು ಹೋದಳು. "ಏಯ್, ಪೂಜಿಗೆ ಕುಂತಾನ, ಮುಟ್ಟಬ್ಯಾಡ!" ಎಂದು ಅವಳನ್ನೇ ಗದರಿಸಿದೆ. ವ್ಯಾನು ಹೋಯಿತು. ಅದರ ಸದ್ದು ಅಡಗಿದ ಮೇಲೆ ನಮ್ಮ ಶರಣ ಒಂದು ಕಣ್ಣು ತೆರೆದು ಬಾಗಿಲ ಕಡೆ ನೋಡಿದ.

ಎದುರು ಮನೆಯವರ ಬೈಕಿನಲ್ಲಿ ಇಬ್ಬರನ್ನೂ ಶಾಲೆಗೆ ಕಳಿಸಿದೆ. ಬೈಕು ಕಂಡಿದ್ದೇ ಮೊಮ್ಮಗ ಅತ್ತ. ಯಾಕೆಂದು ಆಗ ತಿಳಿಯಲಿಲ್ಲ. ಮಂಗಳವಾರವೂ ಅದೇ ಪೂಜೆ, ಅದೇ ಬೈಕು, ಅದೇ ಅಳು. ನಾನು ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರುವವನು, ಶಾಲೆ ತಪ್ಪಿಸುವ ಆಟ ಇದು ಅಂದುಕೊಂಡೆ. ಆದರೆ ಕಟ್ಟಳೆ ನನ್ನದೇ, ಮುರಿಯುವುದು ಹೇಗೆ? ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಾಗಾಯಿತು ನನ್ನ ಗತಿ. ಸೊಸೆಯ ಮುಂದೆ ಮಾತ್ರ ಚಕಾರ ಎತ್ತಲಿಲ್ಲ. ಗೊತ್ತಾದರೆ ಕೆಲಸ ಬಿಟ್ಟೇ ಬಿಡುತ್ತಾಳೆ. ಎಷ್ಟು ವರ್ಷ ಕಾದು ಪಡೆದ ಕೆಲಸ ಅದು! ನನ್ನ ಕೈಯಲ್ಲಿ ಎರಡು ಮಕ್ಕಳನ್ನು ಕಳಿಸಲಾಗದೆ ಅದು ಹೋಗಬೇಕೇ?

ಬುಧವಾರವೂ ಅದೇ ಪೂಜೆ. ವ್ಯಾನು ಹೋದ ಮೇಲೆ ನೋಡಿದರೆ ಎದುರು ಮನೆಗೆ ಬೀಗ. ಉಳಿದಿದ್ದು ಎಂಟೂಕಾಲರ ಬಸ್ಸೊಂದೇ. ಅದು ನನ್ನ ಸೊಸೆಯ ಬಸ್ಸು! ಮೊಮ್ಮಗಳಿಗೆ ಒಂದೇ ಜಡೆ ಆಗಿತ್ತು, ಇನ್ನೊಂದು ಕಡೆ ಕೂದಲು ಹರಡಿಕೊಂಡಿತ್ತು. ಮೊಮ್ಮಗನ ಒಂದು ಬೂಟು ನನ್ನ ಕೈಯಲ್ಲಿ. ಸೆರಗನ್ನು ತಲೆ ತುಂಬ ಹೊದ್ದು, ಜನರ ನಡುವೆ ನುಗ್ಗಿ, ಬಸ್ಸಿನ ಹಿಂದಿನ ಸೀಟು ಹಿಡಿದೆ.

"ಅಮ್ಮಾ!" ಎಂದು ಮೊಮ್ಮಗ ಬಸ್ಸಿನ ಚಾವಣಿ ಹಾರಿಹೋಗುವಂತೆ ಕೂಗಿದ. ಇಡೀ ಬಸ್ಸು ನಮ್ಮ ಕಡೆ ತಿರುಗಿತು.

ಟಿಕೆಟ್ ಯಂತ್ರ ಹಿಡಿದು ಸೊಸೆ ಬಂದಳು. ನನ್ನನ್ನೂ, ಒಂಟಿ ಜಡೆಯನ್ನೂ, ಒಂಟಿ ಬೂಟನ್ನೂ ನೋಡಿದಳು. "ಆಧಾರ್ ಕಾರ್ಡ್ ತೋರಸ್ರಿ," ಅಂದಳು.

"ನನಗ ಕೇಳತಿ ಏನ?"

"ಮನ್ಯಾಗ ನೀವು ಅತ್ತಿ. ಬಸ್ಸಿನ್ಯಾಗ ಪ್ಯಾಸೆಂಜರ್. ತಗೀರಿ."

ಬಸ್ಸಿನ ತುಂಬ ನಗು. ಸಿಟ್ಟು ನೆತ್ತಿಗೇರಿತು, ಹೆಮ್ಮೆಯೂ ಆಯಿತು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಕಾರ್ಡು ನನ್ನ ಎಲೆ ಅಡಿಕೆ ಸಂಚಿಯಲ್ಲೇ ಇರುತ್ತದೆ. ತೆಗೆದು ತೋರಿಸಿದೆ. ಅವಳು ಚೀಟಿ ಹರಿದು ಕೊಟ್ಟಳು.

ಟಿಕೆಟ್ ಎಲ್ಲ ಮುಗಿಸಿ ಬಂದು, ಮಗಳನ್ನು ಮುಂದೆ ನಿಲ್ಲಿಸಿಕೊಂಡು ಎರಡನೆಯ ಜಡೆ ಹೆಣೆದಳು. ಬಸ್ಸು ಕುಲುಕಿದರೂ ಎರಡೂ ಒಂದೇ ಎತ್ತರಕ್ಕೆ ಬಂದವು. ಪಕ್ಕದಲ್ಲಿದ್ದ ತರಕಾರಿಯಾಕೆ ಮೊಮ್ಮಗನಿಗೆ ಬೂಟು ತೊಡಿಸಿದಳು. ಅವನು ಮಾತ್ರ ಅಮ್ಮನ ಖಾಕಿ ಅಂಗಿಯ ಅಂಚು ಬಿಡಲಿಲ್ಲ.

"ಯಾಕಲೇ, ವ್ಯಾನ್ ಯಾಕ ಬಿಟ್ಟಿ?" ಎಂದು ಅವಳು ಕೇಳಿದಳು.

"ಪೂಜಿ ಮಾಡಿದ್ರ ವ್ಯಾನ್ ಹೋಗತೈತಿ. ಆಮ್ಯಾಲೆ ನಿನ್ನ ಬಸ್ ಬರತೈತಿ. ನಾ ಎದ್ದಾಗ ನೀ ಇರಂಗಿಲ್ಲಲ್ಲ," ಅಂದ.

ಶಾಲೆ ತಪ್ಪಿಸಲು ಅಲ್ಲ, ಬೈಕು ಕಂಡು ಅತ್ತಿದ್ದೂ ಸುಮ್ಮನೆ ಅಲ್ಲ. ಮೂರು ದಿನ ಆ ಕೂಸು ಅವ್ವನ ಮುಖ ನೋಡಲು ಪೂಜೆಗೆ ಕೂತಿತ್ತು. ಸೊಸೆ ಕಿಟಕಿ ಕಡೆ ತಿರುಗಿಕೊಂಡು ಸುಮ್ಮನೆ "ರೈಟ್, ರೈಟ್" ಅಂದಳು. ಬಸ್ಸು ಆಗಲೇ ಓಡುತ್ತಿತ್ತು.

ಅಂದು ಸಂಜೆ ಅವಳು ತಟ್ಟೆಯ ಮುಂದೆ ಕೂತು, "ಅತ್ತಿ, ನಾ ಬಿಡತೀನಿ ಕೆಲಸ," ಅಂದಳು.

"ಬಿಟ್ಟು ನೋಡು! ವ್ಯಾನ್ ಬಿಡಸೋಣ. ಮಕ್ಕಳು ದಿನಾ ನಿನ್ನ ಬಸ್ಸಿಗೇ ಬರತಾವ. ಬಸ್‌ಸ್ಟ್ಯಾಂಡಿನಿಂದ ಸಾಲಿತನಕ ನಾ ಕರಕೊಂಡು ಹೋಗತೀನಿ," ಅಂದೆ. ಅವಳು ತಟ್ಟೆ ಹಿಡಿದುಕೊಂಡೇ ಅತ್ತಳು, ನಕ್ಕಳು ಕೂಡ.

ಈಗ ಬೆಳಗಾದರೆ ನಾನು ಬೈಯುವ ಪ್ರಮೇಯವೇ ಬರುವುದಿಲ್ಲ. ಕಾಲುಚೀಲ ಇಳಿಯುವುದಿಲ್ಲ, ಉಪ್ಪಿಟ್ಟಾದರೂ ಸರಿ, ಮಂಡಕ್ಕಿಯಾದರೂ ಸರಿ. ಮೊಮ್ಮಗನ ಪೂಜೆ ಎರಡೇ ನಿಮಿಷಕ್ಕೆ ಬಂದು ನಿಂತಿದೆ.

ಮೊನ್ನೆ ನನ್ನ ಪೂಜೆಯೇ ಸ್ವಲ್ಪ ಉದ್ದವಾಯಿತು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅನುಮಾನ ಬಂದು ಕಣ್ಣು ತೆರೆದೆ. ಎದುರಿಗೆ ಇಬ್ಬರೂ ನಿಂತಿದ್ದಾರೆ, ಟೈ, ಬೂಟು, ಬ್ಯಾಗು ಎಲ್ಲ ಹಾಕಿಕೊಂಡು. ಮೊಮ್ಮಗನ ಕೈಯಲ್ಲಿ ನನ್ನ ಎಲೆ ಅಡಿಕೆ ಸಂಚಿ. ಮುಖ ಅಳುವಂತಾಗಿದೆ, ಬಾಯಿ ಮಾತ್ರ ಬಿಗಿದುಕೊಂಡಿದ್ದಾನೆ. ಪೂಜೆಗೆ ಕೂತವರನ್ನು ಮಾತಾಡಿಸುವಂತಿಲ್ಲವಲ್ಲ! ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಲಿಂಗವನ್ನು ಕಣ್ಣಿಗೊತ್ತಿಕೊಂಡು ಎದ್ದು ಓಡಿದೆ. ಬಸ್ಸಿನ ಬಾಗಿಲಲ್ಲಿ ಸೊಸೆ ಗಡಿಯಾರ ನೋಡುತ್ತ ನಿಂತಿದ್ದಳು.

"ಹುಡುಗ್ರು ರೆಡಿ ಅದಾವ. ಲೇಟ್ ಮಾಡಿದ್ದು ನೀವು, ಅತ್ತಿ."

"ತಪ್ಪಾತವ್ವ," ಅಂದೆ. ಸೊಸೆಯ ಮುಂದೆ ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.