ತೊಂಬತ್ತೈದು ಡಿಗ್ರಿ

ಅಂಕೋಲೆ ಹತ್ತಿರದ ಕೇಣಿ ಊರಿನ ದುರ್ಗಪ್ಪ ಕಾರವಾರದ ಒಂದು ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಅಟೆಂಡರ್ ಆಗಿದ್ದ. ಅಣ್ಣತಮ್ಮಂದಿರೆಲ್ಲ ದೋಣಿ ಹತ್ತಿದರು. ಇವನೊಬ್ಬ ಬೆಳಗಿನ ಬಸ್ಸು ಹತ್ತಿದ.

೨೦೦೪ರಲ್ಲಿ ಅಲ್ಲಿಯ ಉಪನ್ಯಾಸಕಿ ನೀತಾ ಮೇಡಂ ಪಾಠ ಮಾಡುತ್ತಲೇ ಪಿಎಚ್.ಡಿ.ಗೆ ಸೇರಿದರು. ಅವರ ವಿಷಯ ಜಿಯೋಲೈಟ್. ನೋಡಲು ಬಿಳಿ ಹುಡಿ, ಆದರೆ ಅದರ ಒಂದೊಂದು ಹರಳಿನೊಳಗೂ ಜೇನುಗೂಡಿನ ಹಾಗೆ ತೂತುಗಳು. ಕಚ್ಚಾತೈಲದಿಂದ ಪೆಟ್ರೋಲು ಮಾಡುವಲ್ಲಿ ಇಂಥ ಹರಳುಗಳೇ ಬೇಕು. ಹರಳು ಸಣ್ಣದಾದಷ್ಟೂ ಕೆಲಸ ಚುರುಕು. ಹರಳುಗಟ್ಟುವ ಗಂಜಿಯಂಥ ದ್ರಾವಣಕ್ಕೆ ಚೂರು ಪಾಲಿಮರ್ ಬೆರೆಸಿದರೆ, ಅದು ಹರಳಿಗೆ ಅಂಟಿಕೊಂಡು ದೊಡ್ಡದಾಗದಂತೆ ತಡೆಯುತ್ತದೆಯೇ ಎಂಬುದು ಮೇಡಂ ಹುಡುಕುತ್ತಿದ್ದ ಉತ್ತರ.

ದ್ರಾವಣವನ್ನು ಉಕ್ಕಿನ ಡಬ್ಬಿಯಲ್ಲಿ ಬಿಗಿದು ಮೂರು ದಿನ ಓವನ್ನಿನಲ್ಲಿ ತೊಂಬತ್ತೈದು ಡಿಗ್ರಿಯಲ್ಲಿ ಇಡಬೇಕಿತ್ತು. ದಿನಕ್ಕೆ ಮೂರು ಸಲ ಶಾಖ ನೋಡಿ ಪುಸ್ತಕದಲ್ಲಿ ಬರೆಯುವುದು ದುರ್ಗಪ್ಪನ ಪಾಲಿಗೆ ಬಂತು. ರಜೆಯ ದಿನವೂ ಬರಬೇಕು. ಎರಡು ವರ್ಷ ತಪ್ಪದೆ ಬಂದ.

೨೦೦೬ರ ಜುಲೈಯ ಒಂದು ರವಿವಾರ ಅವನಿಗೆ ಹೋಗುವ ಮನಸ್ಸಾಗಲಿಲ್ಲ. ಮಳೆಯಿತ್ತು, ಆದರೆ ಬಸ್ಸೇನೂ ನಿಂತಿರಲಿಲ್ಲ. ಉಂಡು ಮಲಗಿದ. ಶನಿವಾರ ಸಂಜೆಯಷ್ಟೇ ಹೊಸ ಡಬ್ಬಿ ಓವನ್ನಿಗೆ ಹೋಗಿತ್ತು. ಸೋಮವಾರ ಬಂದವನೇ ಹಿಂದಿನ ದಿನದ ಮೂರು ಸಾಲಿನಲ್ಲೂ ತೊಂಬತ್ತೈದು ಎಂದು ಬರೆದ. ಆಮೇಲೆ ಕಾವಲುಗಾರ ಮಂಗೇಶ ಸಿಕ್ಕಿ, ನಿನ್ನೆ ಬೆಳಿಗ್ಗೆ ಐದು ತಾಸು ಕರೆಂಟೇ ಇರಲಿಲ್ಲ ಎಂದು ಮಾತಿನ ನಡುವೆ ಹೇಳಿದ. ದುರ್ಗಪ್ಪ ಮತ್ತೆ ಪುಸ್ತಕ ತೆರೆದ. ತಿದ್ದಿದರೆ ತಾನು ಬಂದಿರಲಿಲ್ಲವೆಂದು ಗೊತ್ತಾಗುತ್ತದೆ. ಮುಚ್ಚಿಟ್ಟ.

ಆ ಸಲ ಮೇಡಂ ಹೊಸ ಪಾಲಿಮರ್ ಹಾಕಿದ್ದರು. ಗೋವೆಯಿಂದ ಸೂಕ್ಷ್ಮದರ್ಶಕದ ಚಿತ್ರ ಬಂದಾಗ ನೋಡಿದರೆ ಹರಳುಗಳು ಗಾತ್ರದಲ್ಲಿ ಹಿಂದಿನವುಗಳ ಹತ್ತನೇ ಒಂದು ಪಾಲು. ಮೇಡಂ ಪೇಡೆ ಹಂಚಿದರು, ಮೊದಲನೆಯದು ದುರ್ಗಪ್ಪನಿಗೆ. ಲೇಖನ ಬರೆದು ಕಳಿಸಿದರು, ಅಚ್ಚೂ ಆಯಿತು.

ಮುಂದೆ ಅಂಥ ಹರಳು ಬರಲೇ ಇಲ್ಲ. ಹನ್ನೊಂದು ಸಲ ಮಾಡಿದರು. ಪಾಲಿಮರ್ ಹೆಚ್ಚಿಸಿದರು, ಇಳಿಸಿದರು, ನೀರು ಬದಲಿಸಿದರು. ತೂಗುವಾಗ ತಾವೇ ಎಡವುತ್ತಿರಬೇಕೆಂದು ತಮ್ಮ ಕೈಯನ್ನೇ ಶಂಕಿಸತೊಡಗಿದರು. ಮಧ್ಯಾಹ್ನದ ಬುತ್ತಿ ಬಿಚ್ಚದೆ ಮನೆಗೆ ಹೋಗುತ್ತಿತ್ತು. ದುರ್ಗಪ್ಪ ಡಬ್ಬಿ ತೊಳೆಯುತ್ತ ನೋಡುತ್ತಿದ್ದ. ಕರೆಂಟು ಹೋದದ್ದೇ ಕಾರಣವೆಂದು ಅವನಿಗೇನೂ ಗೊತ್ತಿರಲಿಲ್ಲ. ಇರಬಹುದೆಂಬ ಅಂಜಿಕೆ ಮಾತ್ರ ಎಂಟು ತಿಂಗಳು ಬಿಡಲಿಲ್ಲ. ಕೊನೆಗೆ ಹೆಂಡತಿ ಗಂಗಿಗೆ ಹೇಳಿದ. ನನಗೆ ಹೇಳಿ ಏನು ಬಂತು, ಅವರಿಗೆ ಹೇಳಿ ಎಂದಳು ಅವಳು.

ಹೇಳಿದ. ಮೇಡಂ ಬೈಯಲಿಲ್ಲ. ಪಾಲಿಮರ್ ಹಾಕದೆ ದ್ರಾವಣ ಮಾಡಿ, ಓವನ್ನನ್ನು ತಾವೇ ಐದು ತಾಸು ಆರಿಸಿ ಮತ್ತೆ ಹಚ್ಚಿದರು. ಹರಳು ಸಣ್ಣದೇ ಬಂತು. ನಡುವೆ ತಣಿದದ್ದರಿಂದ ಹರಳಿನ ಬೀಜಗಳು ಹೆಚ್ಚಾಗಿ, ಯಾವುದಕ್ಕೂ ಬೆಳೆಯುವಷ್ಟು ಸರಕು ಸಿಕ್ಕಿರಲಿಲ್ಲ. ಪಾಲಿಮರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

"ಆ ಸೋಮವಾರವೇ ಹೇಳಿದ್ದರೆ ಇದೇ ನನ್ನ ಥೀಸಿಸ್ ಆಗ್ತಿತ್ತು, ದುರ್ಗಪ್ಪ," ಎಂದರು. "ಈಗ ಅಚ್ಚಾದದ್ದು ತಪ್ಪು ಅಂತ ನಾನೇ ಬರೀಬೇಕು."

"ನನ್ನ ಹೆಸರು ಹಾಕಿ ಬರೀರಿ ಮೇಡಂ."

"ಪುಸ್ತಕದಲ್ಲಿ ಪುಟಪುಟಕ್ಕೂ ನನ್ನ ಸಹಿ ಇದೆ. ನಾನು ನೋಡದೆ ಹಾಕಿದ್ದು."

ಲೇಖನ ಹಿಂದಕ್ಕೆ ಪಡೆದರು. ಮಾರ್ಗದರ್ಶಕರು ಪತ್ರಕ್ಕೆ ಉತ್ತರ ಬರೆಯುವುದನ್ನು ಬಿಟ್ಟರು, ಪಿಎಚ್.ಡಿ.ಯ ಅವಧಿಯೂ ಮುಗಿದುಹೋಯಿತು. ದುರ್ಗಪ್ಪನ ಸಂಗತಿಯನ್ನು ಮೇಡಂ ಪ್ರಾಚಾರ್ಯರಿಗೆ ಹೇಳಲಿಲ್ಲ. ಓವನ್ನಿನ ಕೋಣೆಯ ಬೀಗದಕೈಯನ್ನು ಮಾತ್ರ ಕೇಳಿ ಇಸಿದುಕೊಂಡರು. ಅಂದಿನಿಂದ ಅವರಿಬ್ಬರ ನಡುವೆ ಕೆಲಸದ ಮಾತಷ್ಟೇ.

೨೦೦೯ರಲ್ಲಿ ದುರ್ಗಪ್ಪ ನಿವೃತ್ತನಾದ. ಬೀಳ್ಕೊಡುವಾಗ ಎಲ್ಲರೂ ಅವನ ಪ್ರಾಮಾಣಿಕತೆಯನ್ನೇ ಎತ್ತಿ ಹೇಳಿದರು. ನೀತಾ ಮೇಡಂ ತಮ್ಮ ಸರದಿ ಬಂದಾಗ ಎದ್ದು, ಆರೋಗ್ಯ ಚೆನ್ನಾಗಿರಲಿ ಎಂದಷ್ಟೇ ಹೇಳಿ ಕೂತರು.

ಅವನು ತನಗೆ ಹೊದಿಸಿದ್ದ ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಅಂಕೋಲೆಯ ಬಸ್ಸಿನಲ್ಲಿ ಬಂದ. ಯಾರ್ಯಾರು ಮಾತಾಡಿದರೆಂದು ಗಂಗಿ ಕೇಳಿದಳು.

"ಎಲ್ಲರೂ ಮಾತಾಡಿದ್ರು," ಎಂದವನೇ ಕಾಲು ತೊಳೆಯಲು ಬಾವಿಕಟ್ಟೆಗೆ ಹೋದ.