ಕಾರಿಗೆ ಹೊದಿಸಿದ ರಜಾಯಿಗಳು

ಆಸ್ಟ್ರೇಲಿಯಾದ ನಮ್ಮ ವಾರ್ವಿಕ್‌ ಊರಿನಲ್ಲಿ ಆಕಾಶ ಹಸಿರಾಯಿತೆಂದರೆ ಆಲಿಕಲ್ಲು ಖಂಡಿತ. ತಗಡು ತಗ್ಗು ಬೀಳದಂತೆ ಹೊದಿಸಲು ಎಲ್ಲರೂ ರಜಾಯಿ ಹಿಡಿದು ನಮ್ಮ ನಮ್ಮ ಕಾರಿನತ್ತ ಓಡುತ್ತೇವೆ. ಪಕ್ಕದ ಮನೆಯ ಮರ್ವಿನ್ ಟಾಸ್ಕರ್ ಮಾತ್ರ ಸಣ್ಣ ಮೋಡ ಕಂಡರೂ ಬೆವರುತ್ತಿದ್ದ. ಕುರಿ ಉಣ್ಣೆ ಕತ್ತರಿಸುವ ಕೆಲಸ ಬಿಟ್ಟ ಮೇಲೆ, ಅಪ್ಪನ ತುಕ್ಕು ಹಿಡಿದ ಕಾರಿನ ಒಂದೊಂದೇ ತಗಡು ತಟ್ಟಿ ಅದಕ್ಕೆ ಜೀವ ತಂದಿದ್ದ. ಅದರ ಮೇಲೆ ನೊಣ ಕೂತರೂ ಅವನ ಎದೆ ಧಸಕ್ಕೆನ್ನುತ್ತಿತ್ತು.

ಆ ಮಧ್ಯಾಹ್ನ ಗ್ಯಾರೇಜಿನ ನೆಲಕ್ಕೆ ಹಾಕಿದ ಸಿಮೆಂಟು ಇನ್ನೂ ಹಸಿಯಾಗಿತ್ತು. ಕಾರು ಅಂಗಳದಲ್ಲಿತ್ತು. ಆಕಾಶ ಹಸಿರಾಯಿತು.

"ನೊರೀನ್, ಹಾಸಿಗೆ ಮೇಲಿರೋದೆಲ್ಲ ತಾರೇ!" ಎಂದು ಹೆಂಡತಿಯನ್ನು ಕೂಗಿದ. ನಾನೂ ನಮ್ಮ ಮನೆಯ ರಜಾಯಿಗಳನ್ನು ತಂದೆ. ಎಲ್ಲವನ್ನೂ ಕಾರಿಗೆ ಹೊದಿಸಿ ಮರ್ವಿನ್ನೂ ನಾನೂ ವರಾಂಡ ಸೇರುವಷ್ಟರಲ್ಲಿ ಕಿತ್ತಳೆ ಗಾತ್ರದ ಕಲ್ಲುಗಳು ಬೀಳತೊಡಗಿದವು.

"ನೊರೀನ್ ಎಲ್ಲಿ?" ಎಂದ ಮರ್ವಿನ್.

ಇಬ್ಬರೂ ಒಳಗೆ ಹೋಗಿ ಹುಡುಕಿದೆವು, ಇರಲಿಲ್ಲ. ಬಟ್ಟೆ ತಂತಿಯ ಮೇಲಿದ್ದ ರಜಾಯಿ ತರಲು ಹಿತ್ತಿಲಿಗೆ ಹೋದದ್ದು ನನಗೆ ಆಗ ನೆನಪಾಯಿತು. ಮರ್ವಿನ್ ಕಾರಿನ ಮೇಲಿನ ದಪ್ಪ ರಜಾಯಿಗಳನ್ನು ಕಿತ್ತು, ತಲೆಗೆ ಹೊದ್ದು ಹಿತ್ತಿಲಿಗೆ ನುಗ್ಗಿದ. ತಂತಿಯ ಕೆಳಗೆ ಅವಳ ಒಂದು ಚಪ್ಪಲಿ ಮಾತ್ರ ಬಿದ್ದಿತ್ತು. ಅವಳ ಹೆಸರು ಕೂಗುತ್ತ ಅಂಗಳಕ್ಕೆ ಮರಳಿದ. ಕಣ್ಣೆದುರೇ ಬಾನೆಟ್ಟು ದಡದಡ ತಗ್ಗು ಬೀಳುತ್ತಿತ್ತು. ಅದು ಅವನಿಗೆ ಕಾಣಲೇ ಇಲ್ಲ.

ಕಾರಿನ ಹಿಂಬಾಗಿಲು ತೆರೆಯಿತು. "ಏ ಮಂಗ, ಹೊದಿಕೆ ಯಾಕೋ ಕಿತ್ತೆ? ಕಲ್ಲು ಬಿದ್ದಾಗ ಓಡಿ ಬಂದು ಇಲ್ಲೇ ಕೂತಿದೀನಿ!"

ಅವನು ಒಳಗೆ ಕುಸಿದು ಅವಳ ಕೈ ಹಿಡಿದುಕೊಂಡ.

"ಬಾಗಿಲು ಹಾಕು ಮಾರಾಯ, ನಿಮ್ಮಪ್ಪನ ಸೀಟು ನೆನೀತದೆ."

"ಸೀಟಿನ ಮನೆ ಹಾಳಾಗ್ಲಿ," ಎಂದ ಮರ್ವಿನ್.