ಮೊದಲ ದಿನವೇ ಕೈಗೆ ಬಂದ ಪ್ರಮಾಣಪತ್ರ

ರೋಣದ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ. ವಾಣಿಜ್ಯ ಪಾಠ ಮಾಡುತ್ತೇನೆ. ಅತಿಥಿಯಾಗಿಯೇ ತಲೆಯ ಕೂದಲು ಬೆಳ್ಳಗಾಯಿತು. ಇಷ್ಟು ವರ್ಷ ಯಾವ ಅತಿಥಿಯೂ ಯಾರ ಮನೆಯಲ್ಲೂ ಉಳಿದಿರಲಿಕ್ಕಿಲ್ಲ ಎಂದು ಹೆಂಡತಿ ಛೇಡಿಸುತ್ತಾಳೆ. ಕಾಯಂ ಆದವರು ಒಲ್ಲೆನೆಂದ ಕೆಲಸಗಳೆಲ್ಲ ಕೊನೆಗೆ ನನ್ನ ಮೇಜಿಗೆ ಬಂದು ಬೀಳುತ್ತವೆ. ಎರಡನೆಯ ವರ್ಷ ಮುಗಿಸಿದ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಯಾವುದಾದರೂ ಅಂಗಡಿ, ಕಾರ್ಖಾನೆ, ಕಚೇರಿಯಲ್ಲಿ ಕೆಲಸ ಕಲಿತು ಇಂಟರ್ನ್‌ಶಿಪ್ ಪ್ರಮಾಣಪತ್ರ ತರಬೇಕೆಂದು ಮೇಲಿನಿಂದ ಆದೇಶ ಬಂದಾಗಲೂ ಹಾಗೇ ಆಯಿತು. ಪ್ರಾಚಾರ್ಯರು ನನ್ನ ಕಡೆ ನೋಡಿದರು, ಉಳಿದವರು ಕಿಟಕಿಯ ಕಡೆ ನೋಡಿದರು.

ನಮ್ಮ ಕಡೆ ಇಂಟರ್ನ್‌ಶಿಪ್ ಹುಡುಕುವುದೆಂದರೆ ಏನೆಂದು ಆ ಆದೇಶ ಬರೆದ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಬಸ್ ಹತ್ತಿ ನರಗುಂದಕ್ಕೆ ಹೋದೆ. ಅಲ್ಲಿಯ ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯ ಮ್ಯಾನೇಜರು ಖುರ್ಚಿ ಕೊಟ್ಟರು, ಚಹಾ ಕೊಟ್ಟರು, ಫ್ಯಾನನ್ನು ನನ್ನ ಕಡೆ ತಿರುಗಿಸಿದರು. "ನೋಡೂಣ್ರಿ ಸರ, ಬರ್ರಿ ಮುಂದಿನ ವಾರ" ಎಂದರು. ಮುಂದಿನ ವಾರವೂ ಅಷ್ಟೇ ಆದರದಿಂದ ಚಹಾ ಕೊಟ್ಟು ಅದನ್ನೇ ಹೇಳಿದರು. ನಮ್ಮವರ ಬಾಯಲ್ಲಿ 'ಇಲ್ಲ' ಎಂಬ ಮಾತು ಹೊರಡುವುದೇ ಇಲ್ಲ. ಹೊರಟಿದ್ದರೆ ನನ್ನ ಅರ್ಧ ಓಡಾಟ ಉಳಿಯುತ್ತಿತ್ತು.

ಗಜೇಂದ್ರಗಡದ ಸೀರೆ ವ್ಯಾಪಾರಿ ಇನ್ನೂ ದೊಡ್ಡ ಮನಸ್ಸಿನವರು. ಹುಡುಗಿಯರನ್ನು ಕಳಿಸಿರೆಂದರು. ನಾನು ಖುಷಿಯಿಂದ ಇಬ್ಬರನ್ನು ಕಳಿಸಿದೆ. ಮೊದಲ ದಿನವೇ ಅವರಿಗೆ ಊಟ ಹಾಕಿಸಿ, ಒಂದೊಂದು ಕುಪ್ಪಸದ ಖಣ ಉಡಿಗೆ ಹಾಕಿ, ಎರಡು ತಿಂಗಳು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದಾರೆಂದು ಪ್ರಮಾಣಪತ್ರ ಬರೆದು, ಸಿಕ್ಕಾ ಒತ್ತಿ ಮನೆಗೆ ಕಳಿಸಿಬಿಟ್ಟರು. ಮೋಸ ಮಾಡುವ ಉದ್ದೇಶ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಬಾಗಿಲಿಗೆ ಬಂದು ಒಂದು ಕಾಗದ ಕೇಳಿದ ಮಕ್ಕಳನ್ನು ಎರಡು ತಿಂಗಳು ಸತಾಯಿಸುವುದು ಅವರಿಗೆ ಸರಿ ಕಾಣಲಿಲ್ಲ, ಅಷ್ಟೇ. ಹುಡುಗಿಯರು ಕುಣಿಯುತ್ತ ಬಂದರು. ನನಗೂ ಜಗಳ ಕಾಯುವ ತ್ರಾಣ ಇರಲಿಲ್ಲ.

ರೋಣದಲ್ಲಿ ನನಗೆ ಪರಿಚಯದ ಒಬ್ಬ ಅಡತಿ ವ್ಯಾಪಾರಿ ಇದ್ದಾರೆ. ರೈತರು ತಂದ ಕಡಲೆ, ಜೋಳವನ್ನು ಮಾರಿಸಿಕೊಡುವ ಅಂಗಡಿ, ಅವರ ಅಪ್ಪನ ಕಾಲದಿಂದ ನಡೆದು ಬಂದದ್ದು. ಅಲ್ಲಿಗೆ ಅಬ್ಬಿಗೇರಿ ಹತ್ತಿರದ ಒಬ್ಬ ವಿದ್ಯಾರ್ಥಿನಿಯನ್ನು ಕಳಿಸಿದೆ. ಕೂಲಿ ಮಾಡುವವರ ಮಗಳು. ತರಗತಿಯಲ್ಲಿ ಹೆಚ್ಚು ಮಾತಾಡುವವಳಲ್ಲ. ಆದರೆ ಮಾತಾಡಿದರೆ ಎದುರಿನವರು ಉತ್ತರ ಹುಡುಕಬೇಕಾಗುತ್ತಿತ್ತು.

ಕಳಿಸಿದ ದಿನವೇ ಸಂಜೆ ಅವಳು ನಮ್ಮ ಮನೆಯ ಮುಂದೆ ನಿಂತಿದ್ದಳು. ಕೈಯಲ್ಲಿ ಸಿಕ್ಕಾ ಒತ್ತಿದ ಕಾಗದ. ನನಗೆ ಅರ್ಥವಾಯಿತು. ಇಲ್ಲಿಯೂ ಅದೇ ಔದಾರ್ಯ.

"ಪ್ರಮಾಣಪತ್ರ ಸಿಕ್ಕತಲ್ಲ, ಮತ್ತೇನವಾ?" ಎಂದೆ. ದಿನವಿಡೀ ಅಲೆದು ಬಂದಿದ್ದೆ, ಧ್ವನಿ ಗಡುಸಾಗಿಯೇ ಬಂತು.

"ಸಿಗಬಾರದಿತ್ರಿ ಸರ್" ಎಂದಳು. "ಅಪ್ಪ ನೋಡಿದಾ. ಕೆಲಸ ಮುಗೀತಲ್ಲ, ಗಂಟ ಕಟ್ಟು ಅಂದಾ. ನಾಡದ್ದ ಗೋವಾಕ್ಕ ಹೊಂಟಾರ."

ಆಮೇಲೆ ಒಂದೊಂದಾಗಿ ಹೇಳಿದಳು. ಕಡಲೆ ಸುಗ್ಗಿ ಮುಗಿದಿದೆ, ಹೊಲದಲ್ಲಿ ಕೆಲಸವಿಲ್ಲ. ಅವ್ವ ಅಪ್ಪ ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೊರಟಿದ್ದಾರೆ. ಖರೇ ಕೆಲಸ ಇದ್ದರೆ ರೋಣದಲ್ಲಿ ಅತ್ತೆಯ ಮನೆಯಲ್ಲಿ ಇರು, ಇಲ್ಲದಿದ್ದರೆ ನಮ್ಮ ಕೂಡ ಬುಟ್ಟಿ ಹೊರಲು ನಡಿ ಎಂಬುದು ಅಪ್ಪನ ಮಾತು. ಈಗ ಎರಡು ತಿಂಗಳ ಕೆಲಸ ಒಂದೇ ದಿನದಲ್ಲಿ ಮುಗಿದುಹೋಗಿತ್ತು.

ನಾನು ಕಟ್ಟೆಯ ಮೇಲೆ ಕುಳಿತೆ. ಬೇಸಿಗೆಗೆಂದು ಹಾಗೆ ಹೋದವರು ಮಳೆಗಾಲಕ್ಕೆ ತಿರುಗಿ ಬಂದದ್ದನ್ನು ನಾನು ಹೆಚ್ಚು ಕಂಡಿಲ್ಲ. ಜೂನ್‌ನಲ್ಲಿ ಹಾಜರಿ ಕರೆಯುವಾಗ ಹೆಸರಿಗೆ ಉತ್ತರ ಬರುವುದಿಲ್ಲ. ಅಲ್ಲೇ ದುಡಿಯುತ್ತಿದ್ದಾಳೆಂದೋ, ಅಲ್ಲಿಂದಲೇ ಲಗ್ನ ಮಾಡಿದರೆಂದೋ ಪಕ್ಕದವರು ಹೇಳುತ್ತಾರೆ. ನಾನು ಮುಂದಿನ ಹೆಸರು ಕರೆಯುತ್ತೇನೆ. ಹಾಗೆ ಕರೆದು ಕರೆದು ನನಗೆ ಸಾಕಾಗಿತ್ತು.

ಮರುದಿನ ಅವಳನ್ನು ಕರೆದುಕೊಂಡು ಅಡತಿ ಅಂಗಡಿಗೆ ಹೋದೆ. ಮಾರುಕಟ್ಟೆಯ ಅಂಗಳದಲ್ಲಿ ಕಡಲೆಯ ರಾಶಿಗಳು, ಧೂಳು, ಹಮಾಲರ ಕೂಗು. ವ್ಯಾಪಾರಿ ಗಾದಿಯ ಮೇಲಿಂದಲೇ ಕೈಮುಗಿದು ಮಜ್ಜಿಗೆ ತರಿಸಿದರು. ಪ್ರಮಾಣಪತ್ರ ತಿರುಗಿ ಕೊಡಲು ಬಂದಿದ್ದೇವೆ ಎಂದೆ. ಅವರ ಮುಖ ಸಪ್ಪಗಾಯಿತು.

"ಯಾಕ್ರಿ ಸರ, ಬರಿಯೂದ್ರಾಗ ತಪ್ಪಾತೇನು? ಚಲೋ ಕಂಪ್ಯೂಟರಿನ್ಯಾಗ ಮಾಡಿಸಿ ಇನ್ನೊಂದು ಕೊಡ್ತೀನಿ ಬಿಡ್ರಿ."

ತಪ್ಪಾಗಿಲ್ಲ, ಅವಳಿಗೆ ಕೆಲಸವೇ ಬೇಕು ಎಂದೆ.

"ಇಂಥಾ ಬಿಸಲಾಗ ಹೆಣ್ಣ ಹುಡುಗಿ ದಿನಾ ಬಂದು ಈ ಧೂಳಾಗ ಕೂಡ್ರೂದು ಚಂದೇನ್ರಿ? ನೀವು ನಮ್ಮವ್ರು. ನೀವು ಕಳಿಸಿದವ್ರ ಕಡೆ ನಾ ಕೆಲಸ ಮಾಡಿಸ್ಕೊಳ್ಳಲೇನು? ಮತ್ತ ಕೊಟ್ಟದ್ದ ತಿರುಗಿ ಇಸಗೊಳ್ಳೂದು ಈ ಗಾದಿಗೆ ಶೋಭಾ ತರತೈತೇನ್ರಿ?"

ನಾನು ಆದೇಶದ ಮಾತಾಡಿದೆ, ವಿಶ್ವವಿದ್ಯಾಲಯದ ಮಾತಾಡಿದೆ, ಗೋವಾದ ಮಾತಾಡಿದೆ. ಅವರು ಎಲ್ಲದಕ್ಕೂ ತಲೆಯಾಡಿಸಿ ಮತ್ತೊಂದು ಲೋಟ ಮಜ್ಜಿಗೆ ಮುಂದಿಟ್ಟರು. ಇಂಥ ಒಳ್ಳೆಯತನದ ಮುಂದೆ ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. ಸಿಟ್ಟಿನ ಮನುಷ್ಯನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಎದ್ದು ಹೋಗೋಣವೆಂದು ಚಪ್ಪಲಿ ಮೆಟ್ಟುತ್ತಿದ್ದೆ.

ಆಗ ಅವಳು ಕಾಗದವನ್ನು ನಡುವೆ ಹರಿದಳು. ಮತ್ತೊಮ್ಮೆ ಮಡಚಿ ಮತ್ತೆ ಹರಿದಳು. ಚೂರುಗಳನ್ನು ಎಲ್ಲಿಡಬೇಕೋ ತಿಳಿಯದೆ ಮುಷ್ಟಿಯಲ್ಲೇ ಹಿಡಿದುಕೊಂಡಳು.

"ನನ್ನ ಸಹಿ ಇತ್ತವಾ ಅದರ ಮ್ಯಾಲೆ" ಎಂದರು ವ್ಯಾಪಾರಿ.

"ಗೊತ್ತೈತ್ರಿ" ಎಂದಳು. "ಆದ್ರ ನಾ ಏನೂ ಮಾಡಿಲ್ರಿ. ಈಗ ಏನರ ಮಾಡಾಕ ಹೇಳ್ರಿ."

ಇನ್ನು ಈ ಮಾರುಕಟ್ಟೆಯಲ್ಲಿ ಯಾವ ಅಂಗಡಿಯೂ ನಮ್ಮ ಕಾಲೇಜಿನವರನ್ನು ಹೊಸ್ತಿಲು ದಾಟಿಸುವುದಿಲ್ಲ ಎಂದುಕೊಂಡೆ. ವ್ಯಾಪಾರಿಯ ಮುಖ ಕೆಂಪಾಗಿತ್ತು. ಅಷ್ಟರಲ್ಲಿ ಅವರ ಫೋನ್ ರಿಂಗಣಿಸತೊಡಗಿತು. ಯಾರೋ ರೈತರು ಇಂದಿನ ಕಡಲೆ ದರ ಕೇಳಲು ಮಾಡಿದ್ದಿರಬೇಕು. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಬರುವುದು ಅಂಥ ಫೋನುಗಳೇ. ಅವರು ಎತ್ತಲಿಲ್ಲ. ಫೋನನ್ನು ಅವಳ ಕಡೆ ಸರಿಸಿದರು.

"ಎತ್ತು. ದರ ಹೇಳು."

"ನನಗ ಗೊತ್ತಿಲ್ರಿ."

"ಗೊತ್ತಿಲ್ಲಾಂದ್ರ ಹೋಗಿ ತಿಳಕೊಂಡು ಬಾ! ಇವತ್ತಿನ ಹರಾಜಿನ ಟೆಂಡರ್ ಮುಗದೈತಿ, ಯಾವ ಮಾಲಿಗೆ ಎಷ್ಟು ಬಿತ್ತು, ಯಾಕ ಬಿತ್ತು, ಎಲ್ಲಾ ಕೇಳು. ಇನ್ನ ಮ್ಯಾಲೆ ಫೋನ್ ಮಾಡಿದವ್ರಿಗೆ ನೀನ ಹೇಳಬೇಕು." ಗದರಿಸಿಯೇ ಹೇಳಿದರು. ಅವಳು ಅಂಗಳಕ್ಕೆ ಓಡಿದಳು. "ತಲಿ ಮ್ಯಾಲೆ ವೇಲ್ ಹಾಕ್ಕೋ, ಬಿಸಲೈತಿ" ಎಂದು ಹಿಂದಿನಿಂದ ಕೂಗಿದರು. ನಾನು ಮೂರನೆಯ ಲೋಟ ಮಜ್ಜಿಗೆ ಕುಡಿದು ಮನೆಗೆ ಬಂದೆ.

ಅದರ ಮರುದಿನ ಅವಳ ಅಪ್ಪ, ಅವ್ವ ಗಂಟುಗಳ ಸಮೇತ ರೋಣಕ್ಕೆ ಬಂದರು. ಗದಗಿಗೆ ಹೋಗಿ ಅಲ್ಲಿಂದ ಗೋವಾ ಬಸ್ ಹಿಡಿಯುವವರು. ಮಗಳನ್ನು ಕರೆದುಕೊಂಡು ಹೋಗಲು ಅಂಗಡಿಗೆ ಬಂದರು. ನಾನೂ ಅಲ್ಲಿದ್ದೆ, ಇರದೆ ಆಗುತ್ತಿರಲಿಲ್ಲ. ಅಪ್ಪ ಮೆಟ್ಟಿಲ ಕೆಳಗೇ ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಕಾಗದ ಆತಂತಲ್ರಿ ಸಾವ್ಕಾರ್ರ. ಹುಡುಗಿನ್ನ ಕಳಸ್ರಿ."

"ಕಾಗದ ಇಲ್ಲ" ಎಂದರು ವ್ಯಾಪಾರಿ. "ಕೆಲಸ ಐತಿ. ಕಳಸೂದಿಲ್ಲ."

ಆ ಬಾಯಿಂದ 'ಇಲ್ಲ' ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು. ಹೇಳಿದವರಿಗೂ ಕಸಿವಿಸಿಯಾಗಿರಬೇಕು, ಗಾದಿಯ ಮೇಲೆ ಒಮ್ಮೆ ಸರಿದು ಕುಳಿತರು.

"ಖರೇನ ಕೆಲಸ ಐತೇನ್ರಿ?" ಎಂದ ಅಪ್ಪ.

ವ್ಯಾಪಾರಿ ಅಂಗಳದ ಕಡೆ ಕೈ ತೋರಿಸಿದರು. ಅವಳು ಕಡಲೆ ರಾಶಿಗಳ ನಡುವೆ ಯಾರೊಂದಿಗೋ ವಾದಿಸುತ್ತ ನಿಂತಿದ್ದಳು. ಕಿವಿಯ ಹತ್ತಿರ ಫೋನ್, ಅಂಗೈಯಲ್ಲಿ ಒಂದು ಹಿಡಿ ಕಡಲೆ, ಹುಬ್ಬಿನವರೆಗೆ ಧೂಳು. ಅಪ್ಪ ಬಹಳ ಹೊತ್ತು ನೋಡಿದ. ದುಡಿಮೆ ಯಾವುದು, ಕುಳಿತಿರುವುದು ಯಾವುದು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. "ಐತಿ ಬಿಡ್ರಿ" ಎಂದು ಗಂಟು ಎತ್ತಿಕೊಂಡ.

ಬಸ್‌ಸ್ಟ್ಯಾಂಡಿಗೆ ಅವಳೂ ಬಂದಳು, ನಾನೂ ಹೋದೆ. ಅವ್ವ ಕಿಟಕಿಯ ಪಕ್ಕ ಕುಳಿತು, ಮಧ್ಯಾಹ್ನ ಉಣ್ಣುವುದನ್ನು ಬಿಡಬೇಡ ಎಂದಷ್ಟೇ ಹೇಳಿದಳು. ಬಸ್ ಹೊರಟಿತು. ಎಲ್ಲ ಅಂದುಕೊಂಡಂತೆಯೇ ಆಗಿತ್ತು, ನಾನು ನಿರಾಳವಾಗಬೇಕಿತ್ತು. ಆಗಲಿಲ್ಲ. ಒಂದು ಹುಡುಗಿಯನ್ನು ಉಳಿಸಿಕೊಂಡೆನೆಂಬ ಸಮಾಧಾನಕ್ಕಿಂತ, ಇನ್ನೆಷ್ಟು ಬೇಸಿಗೆ ಹೀಗೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬೇಕೋ ಎಂಬ ದಣಿವೇ ದೊಡ್ಡದಾಗಿತ್ತು.

ಅವಳು ಅಳುತ್ತಿದ್ದಳು. ಸಮಾಧಾನ ಹೇಳಬೇಕಲ್ಲ ಎಂದು, "ಎರಡ ತಿಂಗಳ ಐತೆಲ್ಲವಾ, ಸಾವಕಾಶ ಕಲಿ, ಅವಸರಿಲ್ಲ" ಎಂದೆ.

ಅವಳು ವೇಲಿನಿಂದ ಕಣ್ಣು ಒರೆಸಿಕೊಂಡು ನನ್ನನ್ನೇ ನೋಡಿದಳು.

"ಐತ್ರಿ ಸರ್, ಅವಸರ ಐತಿ" ಎಂದಳು. "ನಾ ಹೊರಬೇಕಾಗಿದ್ದ ಬುಟ್ಟಿನೂ ಅಲ್ಲಿ ನಮ್ಮವ್ವ ಹೊರತಾಳ."